ಚಿಕ್ಕ ಬನ್ನು, ಚಿಕ್ಕ ಗ್ಲಾಸು



ಅಮೆರಿಕಕ್ಕೆ ಹೋಗಿ ಬಂದವರು ಮೊದಲು ಹೇಳುವ ಮಾತು ಒಂದೇ: ಅಲ್ಲಿ ಎಲ್ಲವೂ ದೊಡ್ಡದು. ರಸ್ತೆ ದೊಡ್ಡದು, ಕಾರು ದೊಡ್ಡದು, ಅಂಗಡಿ ದೊಡ್ಡದು. ಹೋಟೆಲಿನಲ್ಲಿ ಒಂದು ಕೋಲಾ ಕೇಳಿದರೆ ನಮ್ಮ ಸ್ನಾನದ ಚೊಂಬಿನಷ್ಟು ಲೋಟ ಮುಂದೆ ಬಂದು ಕೂರುತ್ತದೆ. ಅರ್ಧ ಊಟ ತಟ್ಟೆಯಲ್ಲೇ ಉಳಿಯುತ್ತದೆ. ಉಳಿದದ್ದನ್ನು ಡಬ್ಬಿಗೆ ಹಾಕಿಸಿಕೊಂಡು ಮನೆಗೆ ತರುವುದು ಅಲ್ಲಿ ನಾಚಿಕೆಯ ಸಂಗತಿಯಲ್ಲ, ನಿತ್ಯದ ರೂಢಿ.

ಅಂಥ ದೇಶದಲ್ಲಿ ಚಿಕ್ಕದನ್ನೇ ಮಾರಿ ನಡೆಯುವ ಒಂದು ಬಗೆಯ ಹೋಟೆಲುಗಳಿವೆ. ತಿನ್ನಲು ಚಿಕ್ಕ ಬರ್ಗರ್. ಅದಕ್ಕೆ ಸ್ಲೈಡರ್ ಎಂದು ಹೆಸರು. ಕುಡಿಯಲು ಚಿಕ್ಕ ಬ್ರೂವರಿಯಲ್ಲಿ ತಯಾರಾದ ಬಿಯರು. ಅದಕ್ಕೆ ಕ್ರಾಫ್ಟ್ ಬಿಯರ್ ಎನ್ನುತ್ತಾರೆ. ದೊಡ್ಡದರ ನಾಡಿನಲ್ಲಿ ಈ ಚಿಕ್ಕದು ಎಲ್ಲಿಂದ ಬಂತು, ಅದು ನಿಜವಾಗಿಯೂ ಚಿಕ್ಕದೇ ಎಂಬುದು ಈ ಹೊತ್ತಿನ ನನ್ನ ಮಾತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಕುಡಿತದ ವಕೀಲನಲ್ಲ. ಕುಡಿಯದವರು ಈ ಮಾತು ಕೇಳಿ ಶುರು ಮಾಡಬೇಕಾಗಿಲ್ಲ. ಮಾಂಸ ತಿನ್ನದವರೂ ರೇಡಿಯೋ ಆರಿಸಬೇಕಾಗಿಲ್ಲ. ಅವರಿಗೂ ಆ ತಟ್ಟೆಯಲ್ಲಿ ಜಾಗವಿದೆ, ಅದನ್ನು ಮುಂದೆ ಹೇಳುತ್ತೇನೆ.

ಓಹಾಯೊ ರಾಜ್ಯದ ರಾಜಧಾನಿ ಕೊಲಂಬಸ್. ನನ್ನ ಮಗಳು ಇರುವ ಊರು. ಒಂದು ಸಂಜೆ ಅವಳು ನನ್ನನ್ನು ಇಂಥದೊಂದು ಜಾಗಕ್ಕೆ ಕರೆದುಕೊಂಡು ಹೋದಳು. ಹಳೆಯ ಗೋದಾಮಿನ ಕಟ್ಟಡ. ಇಟ್ಟಿಗೆ ಗೋಡೆಗೆ ಗಾರೆ ಇಲ್ಲ. ಮೇಲೆ ನೋಡಿದರೆ ಕಬ್ಬಿಣದ ತೊಲೆಗಳು ಹಾಗೆಯೇ ಕಾಣುತ್ತವೆ. ಒಂದು ಪಕ್ಕದ ಗಾಜಿನ ಗೋಡೆಯ ಆಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು. ಬಿಯರು ಹುಳಿಯುವುದು ಅಲ್ಲೇ, ಗಿರಾಕಿಯ ಕಣ್ಣೆದುರಿಗೆ. ಗೋಡೆಯ ಮೇಲೆ ಕಪ್ಪು ಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ದಿನದ ಬಿಯರುಗಳ ಪಟ್ಟಿ. ಮೇಜುಗಳಿಗೆ ಬಟ್ಟೆ ಇಲ್ಲ. ಸೂಟು ಬೂಟು ಯಾರಿಗೂ ಬೇಕಿಲ್ಲ. ಮಕ್ಕಳು ಮರಿ ಎಲ್ಲ ಬಂದಿದ್ದರು. ಒಬ್ಬರ ಕಾಲ ಬಳಿ ನಾಯಿಯೂ ಮಲಗಿತ್ತು. ಗದ್ದಲವೋ ಗದ್ದಲ. ನಮ್ಮ ದರ್ಶಿನಿಯಲ್ಲಿ ಪಾತ್ರೆ ಸದ್ದು ಮಾಡುತ್ತದೆ, ಅಲ್ಲಿ ಮನುಷ್ಯರೇ ಸದ್ದು ಮಾಡುತ್ತಾರೆ.

ನಾನು ಒಂದು ಸ್ಲೈಡರ್ ಸಾಕು ಎಂದೆ. ಮಗಳು ನಕ್ಕಳು. "ಅಪ್ಪಾ, ಇಲ್ಲಿ ಬಿಡಿಯಾಗಿ ಕೊಡಲ್ಲ. ಮೂರರ ಸೆಟ್ಟು. ಮೂರೂ ಬೇರೆ ಬೇರೆ ತಗೋಬಹುದು, ನೋಡಿ."

ಸೆಟ್ಟು ಬಂತು. ಮರದ ಹಲಗೆ, ಅದರ ಮೇಲೆ ಎಣ್ಣೆಕಾಗದ, ಕಾಗದದ ಮೇಲೆ ಸಾಲಾಗಿ ಮೂರು ಪುಟ್ಟ ಬನ್ನು. ಒಂದೊಂದರ ನೆತ್ತಿಗೂ ಒಂದೊಂದು ಕಡ್ಡಿ ಚುಚ್ಚಿದ್ದರು. ಬನ್ನು ಎಷ್ಟು ದೊಡ್ಡದು? ಅಂಗೈಯಲ್ಲಿಟ್ಟು ಬೆರಳು ಮಡಿಸಿದರೆ ಮುಕ್ಕಾಲು ಪಾಲು ಮರೆಯಾಗುತ್ತದೆ. ಮೂರು ಕಚ್ಚು, ಹೆಚ್ಚೆಂದರೆ ನಾಲ್ಕು. ಅಷ್ಟೆ. ಬನ್ನಿನ ಒಳಮೈಯನ್ನು ಬೆಣ್ಣೆ ಹಚ್ಚಿ ಕಾವಲಿಯ ಮೇಲೆ ಕೆಂಪಗೆ ಸುಟ್ಟಿದ್ದರು. ಹಾಗಾಗಿ ಹೊರಗೆ ಮೆತ್ತಗೆ, ಒಳಗೆ ಗರಿ. ಮೊದಲನೆಯದರಲ್ಲಿ ಕರಿದ ಕೋಳಿಯ ತುಂಡು ಮತ್ತು ಉಪ್ಪಿನಲ್ಲಿ ಹಾಕಿದ ಸೌತೆಯ ಬಿಲ್ಲೆ. ಎರಡನೆಯದರಲ್ಲಿ ಅಣಬೆ. ಮೂರನೆಯದರಲ್ಲಿ ದನದ ಮಾಂಸದ ಕೀಮಾ. ಅದು ನಮ್ಮ ಜೊತೆಗೆ ಬಂದಿದ್ದ ಮಗಳ ಸಹೋದ್ಯೋಗಿಯೊಬ್ಬನ ಪಾಲಿಗೆ ಹೋಯಿತು.

ಆ ಕೀಮಾ ಸ್ಲೈಡರೇ ಈ ಎಲ್ಲ ಸ್ಲೈಡರುಗಳ ಮೂಲಪುರುಷ. ಕಥೆ ಹೇಳಬೇಕಾದರೆ ಅದರಿಂದಲೇ ಶುರು ಮಾಡಬೇಕು.

ಕಾನ್ಸಾಸ್ ರಾಜ್ಯದಲ್ಲಿ ವಿಚಿಟಾ ಎಂಬ ಊರು. ಅಲ್ಲಿ ವಾಲ್ಟರ್ ಆಂಡರ್ಸನ್ ಎಂಬ ಅಡುಗೆಯವನಿದ್ದ. 1916ರಲ್ಲಿ ಅವನು ಹಳೆಯ ಟ್ರಾಮ್ ಡಬ್ಬಿಯೊಂದನ್ನು ಅಂಗಡಿ ಮಾಡಿಕೊಂಡು ಬರ್ಗರ್ ಮಾರಲು ಕೂತ. ಐದು ವರ್ಷ ಕಳೆದ ಮೇಲೆ ಅವನಿಗೊಬ್ಬ ಪಾಲುದಾರ ಸಿಕ್ಕಿದ. ಬಿಲ್ಲಿ ಇಂಗ್ರಾಮ್. ವಿಮೆ, ಜಾಗ ಜಮೀನಿನ ವ್ಯವಹಾರದವನು. ಇಬ್ಬರೂ 700 ಡಾಲರ್ ಸಾಲ ಎತ್ತಿ 1921ರಲ್ಲಿ ವೈಟ್ ಕ್ಯಾಸಲ್ ಎಂಬ ಅಂಗಡಿ ತೆರೆದರು. ಅಮೆರಿಕದ ಮೊದಲ ಬರ್ಗರ್ ಸರಪಳಿ ಇದೇ. ಮೆಕ್‌ಡೊನಾಲ್ಡ್ಸ್ ಹೆಸರು ಇನ್ನೂ ಯಾರ ಕಿವಿಗೂ ಬಿದ್ದಿರಲಿಲ್ಲ.

ಇಲ್ಲಿ ಕೇಳುಗರು ಒಂದು ಹಿನ್ನೆಲೆ ತಿಳಿದಿರಬೇಕು. ಆಗ ಅಮೆರಿಕದ ಮರ್ಯಾದಸ್ಥರು ಕೀಮಾ ಮುಟ್ಟುತ್ತಿರಲಿಲ್ಲ. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಎಂಬ ಬರಹಗಾರನ 'ದ ಜಂಗಲ್' ಕಾದಂಬರಿ ಬಂದಿತ್ತು. ಶಿಕಾಗೋದ ಕಸಾಯಿಖಾನೆಗಳ ಹೊಲಸು ಅದರಲ್ಲಿ ಬಯಲಾಗಿತ್ತು. ಓದಿದವರಿಗೆ ಹೊಟ್ಟೆ ತೊಳಸಿತ್ತು. ಅದೇ ವರ್ಷ ಮಾಂಸ ತಪಾಸಣೆಯ ಕಾನೂನೂ ಬಂತು. ಕಾನೂನು ಬಂದ ಮಾತ್ರಕ್ಕೆ ಭಯ ಹೋಗುತ್ತದೆಯೇ? ಅರೆದ ಮಾಂಸದಲ್ಲಿ ಏನೇನು ಸೇರಿಸಿದ್ದಾರೋ, ಯಾವ ದಿನದ್ದೋ ಎಂಬ ಅನುಮಾನ ಹೋಗಲೇ ಇಲ್ಲ.

ಇಂಗ್ರಾಮ್ ಆ ಅನುಮಾನವನ್ನೇ ಬಂಡವಾಳ ಮಾಡಿಕೊಂಡ. ಅಂಗಡಿಗೆ ಬಿಳಿ ಬಣ್ಣ, ಶುಭ್ರತೆಯ ಗುರುತು. ಕಟ್ಟಡಕ್ಕೆ ಕೋಟೆಯ ಆಕಾರ, ಭದ್ರತೆಯ ಗುರುತು. ಶಿಕಾಗೋದಲ್ಲಿ ಒಂದು ಹಳೆಯ ನೀರಿನ ಗೋಪುರವಿದೆ. ಅದರ ಮಾದರಿಯಲ್ಲೇ ಪುಟ್ಟ ಪುಟ್ಟ ಕೋಟೆ ಕಟ್ಟಿಸಿದರು. ಒಳಗೆ ಫಳಫಳ ಹೊಳೆಯುವ ಉಕ್ಕು. ಬೇಯಿಸುವುದು ಗಿರಾಕಿಯ ಮುಂದೆಯೇ. ನೌಕರರಿಗೆ ಬಿಳಿ ಬಟ್ಟೆ, ತಲೆಗೆ ಟೋಪಿ. ದಿನಾ ಒಗೆಯುವ ತಾಪತ್ರಯ ಬೇಡವೆಂದು ಕಾಗದದ ಟೋಪಿ ಮಾಡುವ ಕಂಪನಿಯನ್ನೇ ಶುರು ಮಾಡಿದರು. ಬೆಲೆ ಒಂದಕ್ಕೆ 5 ಸೆಂಟು. ಒಂದರಿಂದ ಹೊಟ್ಟೆ ತುಂಬುವುದಿಲ್ಲ. ಅದಕ್ಕೇ ಚೀಲದ ಲೆಕ್ಕದಲ್ಲಿ ಒಯ್ಯಿರಿ ಎಂದು ಜಾಹೀರಾತು ಕೊಟ್ಟರು.

ಇನ್ನೂ ಒಂದು ಸಾಹಸ ಕೇಳಿ. 1930ರಲ್ಲಿ ಇಂಗ್ರಾಮ್ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗಕ್ಕೆ ಹಣ ಕೊಟ್ಟ. ಒಬ್ಬ ವೈದ್ಯ ವಿದ್ಯಾರ್ಥಿ ಮೂರು ತಿಂಗಳು ವೈಟ್ ಕ್ಯಾಸಲ್ ಬರ್ಗರ್ ಮತ್ತು ನೀರು ಬಿಟ್ಟು ಬೇರೇನೂ ತಿನ್ನಲಿಲ್ಲ. ಕೊನೆಕೊನೆಗೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ತಿನ್ನುತ್ತಿದ್ದ. ಆರೋಗ್ಯ ಕೆಡಲಿಲ್ಲ ಎಂದು ವರದಿ ಬಂತು. ಕಂಪನಿ ಅದನ್ನು ಊರೆಲ್ಲ ಸಾರಿತು. ಒಬ್ಬನೇ ಹುಡುಗನ ಮೇಲೆ ಮಾಡಿದ ಇಂಥ ಪ್ರಯೋಗ ಇವತ್ತು ಯಾವ ಪರೀಕ್ಷಕರ ಮುಂದೂ ನಿಲ್ಲುವುದಿಲ್ಲ. ಆದರೆ ಕೀಮಾ ಎಂದರೆ ಮೂಗು ಮುರಿಯುತ್ತಿದ್ದ ಜನರ ಮನಸ್ಸು ತಿರುಗಿಸಲು ಅದಕ್ಕೂ ಒಂದು ಪಾಲು ಸಲ್ಲಬೇಕು.

ಬೇಯಿಸುವ ಕ್ರಮ ಹೇಳಿದರೆ ಚಿಕ್ಕದಾದದ್ದು ಏಕೆ ಎಂದು ಗೊತ್ತಾಗುತ್ತದೆ. ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಮಾಂಸ. ಅದರಲ್ಲಿ ಹದಿನೆಂಟು ಬಿಲ್ಲೆ. ಒಂದೊಂದು 25 ಗ್ರಾಂ ಮಾತ್ರ. ಆಕಾರ ಚೌಕ. ಚೌಕವಾದರೆ ಕಾವಲಿಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ, ಜಾಗ ಹಾಳಾಗುವುದಿಲ್ಲ. ಕಾವಲಿಗೆ ಮೊದಲು ಸಣ್ಣಗೆ ಹೆಚ್ಚಿದ ಈರುಳ್ಳಿ ಹರಡುತ್ತಾರೆ. ಈರುಳ್ಳಿಯ ಮೇಲೆ ಮಾಂಸ. ಮಾಂಸದ ಮೇಲೆ ಬನ್ನು. ಕೆಳಗಿನಿಂದ ಏಳುವ ಹಬೆ ಈರುಳ್ಳಿಯ ವಾಸನೆ ಹೊತ್ತುಕೊಂಡು ಮಾಂಸವನ್ನೂ ಬೇಯಿಸುತ್ತದೆ, ಬನ್ನನ್ನೂ ಮೆತ್ತಗಾಗಿಸುತ್ತದೆ. ಮಗುಚಿ ಹಾಕುವ ಕೆಲಸವೇ ಇಲ್ಲ. 1950ರ ದಶಕದಲ್ಲಿ ಬಿಲ್ಲೆಗೆ ಐದು ತೂತು ಮಾಡುವುದು ಶುರುವಾಯಿತು. ಹಬೆ ಆ ತೂತಿನಲ್ಲಿ ಬೇಗ ಮೇಲೇರುತ್ತದೆ. ಹೊತ್ತು ಉಳಿಯಿತು. ಕಾರ್ಖಾನೆಯ ಪಾಳಿ ಮುಗಿಸಿ ಬಂದವನು ಕಾಯಬೇಕಿಲ್ಲ.

ನೋಡಿ, ಸ್ಲೈಡರ್ ಚಿಕ್ಕದಾದದ್ದು ರುಚಿಯ ನಾಜೂಕಿಗಲ್ಲ. ದುಡಿಯುವವನ ಜೇಬಿಗೆ, ಅವನ ಅವಸರಕ್ಕೆ. ವೈಟ್ ಕ್ಯಾಸಲ್ 1934ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಕೊಲಂಬಸ್ಸಿಗೆ ತಂದಿತು. ಇವತ್ತಿಗೂ ಅಲ್ಲೇ ಇದೆ. ಇವತ್ತಿಗೂ ಇಂಗ್ರಾಮ್ ಮನೆತನದ ಕೈಯಲ್ಲೇ ಇದೆ.

ಇಲ್ಲಿಯ ತನಕ ಹೇಳಿದ್ದು ಬಡವನ ಬನ್ನಿನ ಕಥೆ. ಅದು ಮರದ ಹಲಗೆ ಏರಿದ್ದು ಹೇಗೆ, ಈಗ ಅದನ್ನು ನೋಡೋಣ.

ಅದಕ್ಕೆ ಬಹಳ ಮಾತು ಬೇಡ. ಬಾರಿನಲ್ಲಿ ಕೂತವರು ನಾಲ್ಕು ಜನ ಇದ್ದರೆ ಹಂಚಿಕೊಂಡು ತಿನ್ನುವ ಪದಾರ್ಥ ಬೇಕು. ಒಂದು ದೊಡ್ಡ ಬರ್ಗರನ್ನು ನಾಲ್ಕು ಪಾಲು ಮಾಡಿದರೆ ಸಾಸು ಸೋರುತ್ತದೆ, ಮೇಜು ಕೆಡುತ್ತದೆ. ಚಿಕ್ಕ ಬನ್ನಿಗೆ ಆ ರಗಳೆ ಇಲ್ಲ. ಅಡುಗೆಯವರಿಗೂ ಅನುಕೂಲ. ಬನ್ನು ಒಂದೇ, ಒಳಗಿನದ್ದು ನೂರು ಬಗೆ. ಎಳೆಎಳೆಯಾಗಿ ಬಿಡಿಸಿದ ಹಂದಿಮಾಂಸ, ಕರಿದ ಮೀನು, ಏಡಿ, ಕೋಳಿ. ಬನ್ನಿಗೆ ಬಹಳ ಕಡೆ ಹವಾಯಿಯ ಸಿಹಿ ರೊಟ್ಟಿ ಬಳಸುತ್ತಾರೆ. ಹಿಲೋ ಎಂಬ ಊರಿನಲ್ಲಿ ರಾಬರ್ಟ್ ತೈರಾ ಎಂಬ ಜಪಾನಿ ಮೂಲದ ಬೇಕರಿಯವನು 1950ರಲ್ಲಿ ಶುರು ಮಾಡಿದ ರೊಟ್ಟಿ ಅದು. ಒಂದಕ್ಕೊಂದು ಅಂಟಿಕೊಂಡ ಹನ್ನೆರಡರ ಕಟ್ಟು. ಕೈಯಲ್ಲಿ ಎಳೆದರೆ ಬಿಡಿಬಿಡಿಯಾಗಿ ಬರುತ್ತದೆ. ಸ್ವಲ್ಪ ಸಿಹಿ. ಖಾರದ ಕೋಳಿಗೆ ಆ ಸಿಹಿ ಚೆನ್ನಾಗಿ ಹೊಂದುತ್ತದೆ.

ಸಸ್ಯಾಹಾರಿಗಳಿಗೆ ಏನು ಎಂದು ಕೇಳಿದಿರಲ್ಲ? ಅಂಗೈಯಗಲದ ದೊಡ್ಡ ಅಣಬೆಯನ್ನು ಸುಟ್ಟು ಇಡುತ್ತಾರೆ. ಕಪ್ಪು ಹುರುಳಿಕಾಯಿ ಕಾಳನ್ನು ಬೇಯಿಸಿ, ಅರೆದು, ಬಿಲ್ಲೆ ತಟ್ಟಿ ಹುರಿಯುತ್ತಾರೆ. ಸಸ್ಯಮೂಲದ ಪದಾರ್ಥಗಳಿಂದ ಮಾಡಿ ಮಾಂಸದ ಹಾಗೆ ಕಾಣಿಸುವ ಬಿಲ್ಲೆಯೂ ಬಂದಿದೆ. 2018ರಿಂದ ವೈಟ್ ಕ್ಯಾಸಲ್ ಕೂಡ ಅದನ್ನು ಇಟ್ಟಿದೆ. ನನ್ನ ಮಟ್ಟಿಗೆ ಕಾಳಿನದ್ದೇ ವಾಸಿ. ಮಾಂಸದಂತೆ ನಟಿಸುವ ತರಕಾರಿ ಮಾಂಸ ತಿನ್ನುವವನಿಗೂ ಸಲ್ಲುವುದಿಲ್ಲ, ತಿನ್ನದವನಿಗೂ ಹಿಡಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಎಲ್ಲವನ್ನೂ ಒಂದೇ ಕಾವಲಿಯ ಮೇಲೆ ಬೇಯಿಸುವ ಕಡೆಗಳಿವೆ. ಬೇಡವೆನ್ನುವವರು ಮೊದಲೇ ಕೇಳಬೇಕು. ಕೇಳಿದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ಈಗ ಬನ್ನಿನಿಂದ ಗ್ಲಾಸಿಗೆ ಬರೋಣ. ಬನ್ನು ಚಿಕ್ಕದಾದದ್ದು ಅಗ್ಗಕ್ಕೆ ಎಂದು ಹೇಳಿದೆ. ಬಿಯರಿನದು ಹಾಗಲ್ಲ. ಅಲ್ಲಿ ಚಿಕ್ಕದು ಹುಟ್ಟಿದ್ದು ದೊಡ್ಡದರ ಮೇಲಿನ ಸಿಟ್ಟಿನಿಂದ.

1870ರ ದಶಕದಲ್ಲಿ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದವು. ಊರೂರಿಗೊಂದು. ಬಹಳ ಕಡೆ ಜರ್ಮನಿಯಿಂದ ಬಂದು ನೆಲೆಸಿದವರೇ ಒಡೆಯರು. ಆಮೇಲೆ 1920ರಲ್ಲಿ ಪಾನನಿಷೇಧ ಬಂತು. ಸುಮಾರು ಹದಿನಾಲ್ಕು ವರ್ಷ ನಡೆಯಿತು. 1933ರಲ್ಲಿ ನಿಷೇಧ ತೆಗೆದಾಗ ಚಿಕ್ಕ ಬ್ರೂವರಿಗಳ ಬಾಗಿಲಿಗೆ ತುಕ್ಕು ಹಿಡಿದಿತ್ತು. ಉಳಿದ ದೊಡ್ಡವು ಒಂದನ್ನೊಂದು ನುಂಗುತ್ತ ಹೋದವು. 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ನೂರು ಬ್ರೂವರಿಗಳೂ ಉಳಿದಿರಲಿಲ್ಲ. ಎಲ್ಲ ಕಡೆ ಒಂದೇ ಬಗೆಯ ಬಿಯರು. ಹೊಂಬಣ್ಣ, ತೆಳು, ತಣ್ಣಗೆ. ಮಾಲ್ಟಿನ ಜೊತೆ ಅಕ್ಕಿ ಇಲ್ಲವೇ ಮೆಕ್ಕೆಜೋಳ ಬೆರೆಸಿ ಇನ್ನಷ್ಟು ಹಗುರ ಮಾಡಿದ್ದರು. ಐಸಿನಷ್ಟು ತಣ್ಣಗಿರುವಾಗ ಪರವಾಗಿಲ್ಲ, ಬಿಸಿಲಿಗಿಟ್ಟರೆ ಬಂಡವಾಳ ಬಯಲು ಎನ್ನುವಂಥ ಮಾಲು.

ಇದಕ್ಕೆ ಎದುರು ನಿಂತವರು ಯಾರೂ ಉದ್ಯಮಿಗಳಲ್ಲ. ಮೊದಲನೆಯವನು ಫ್ರಿಟ್ಸ್ ಮೇಟ್ಯಾಗ್. ಬಟ್ಟೆ ಒಗೆಯುವ ಯಂತ್ರದ ಮೇಟ್ಯಾಗ್ ಮನೆತನದ ಹುಡುಗ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಂಕರ್ ಎಂಬ ಹಳೆಯ ಬ್ರೂವರಿ ಮುಚ್ಚುವ ಹಂತಕ್ಕೆ ಬಂದಿತ್ತು. 1965ರಲ್ಲಿ ಅವನು ಕೆಲವೇ ಸಾವಿರ ಡಾಲರಿಗೆ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡ. ಬಿಯರು ಮಾಡುವುದನ್ನು ಆಮೇಲೆ ಕಲಿತ.

ಎರಡನೆಯವನು ಜ್ಯಾಕ್ ಮೆಕಾಲಿಫ್. ನೌಕಾಪಡೆಯಲ್ಲಿದ್ದವನು. ಸ್ಕಾಟ್ಲೆಂಡಿನಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಗಾಢ ಬಿಯರಿನ ರುಚಿ ಹತ್ತಿತ್ತು. ಊರಿಗೆ ಬಂದು ನೋಡಿದರೆ ಅಂಥದ್ದು ಸಿಗುವುದಿಲ್ಲ. 1976ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಹಳೆಯ ಹಾಲಿನ ಡೈರಿಯ ಪಾತ್ರೆಗಳನ್ನು ತಂದು, ತಾನೇ ಬೆಸೆದು, ನ್ಯೂ ಆಲ್ಬಿಯನ್ ಎಂಬ ಪುಟ್ಟ ಬ್ರೂವರಿ ಕಟ್ಟಿದ. ಲಾಭ ಬರಲಿಲ್ಲ. 1982ರಲ್ಲಿ ಮುಚ್ಚಿತು. ಆದರೆ ಅದನ್ನು ನೋಡಲು ಬಂದವರು ಮನೆಗೆ ಹೋಗಿ ತಾವೂ ಪಾತ್ರೆ ಬೆಸೆದರು. ಕೆನ್ ಗ್ರಾಸ್‌ಮನ್ 1980ರಲ್ಲಿ ಚಿಕೋ ಎಂಬ ಊರಿನಲ್ಲಿ ಸಿಯೆರಾ ನೆವಾಡ ಶುರು ಮಾಡಿದ್ದು ಹೀಗೆಯೇ, ಡೈರಿಯ ಹಳೆಯ ಟ್ಯಾಂಕುಗಳಿಂದ.

ಇವರ ಬೆನ್ನಿಗೆ ಒಂದು ಕಾನೂನೂ ಬಂತು. 1933ರಲ್ಲಿ ನಿಷೇಧ ತೆಗೆದಾಗ ಮನೆಯಲ್ಲಿ ವೈನ್ ಮಾಡಿಕೊಳ್ಳಬಹುದು ಎಂದು ಬರೆದಿದ್ದರು. ಬಿಯರಿನ ಮಾತು ಬಿಟ್ಟುಹೋಗಿತ್ತು. ಹಾಗಾಗಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಮನೆಯಲ್ಲಿ ಬಿಯರು ಮಾಡಿದವನು ಕಾನೂನಿನ ಲೆಕ್ಕದಲ್ಲಿ ಅಪರಾಧಿ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಆ ತೊಡಕು ಬಿಡಿಸುವ ಮಸೂದೆಗೆ ಸಹಿ ಹಾಕಿದರು. ಗ್ಯಾರೇಜಿನಲ್ಲಿ, ಅಡುಗೆಮನೆಯಲ್ಲಿ ಕಲಿತ ಕೈಗಳು ಆಮೇಲೆ ಅಂಗಡಿ ತೆರೆದವು.

ಬ್ರೂವರಿಯೂ ಹೋಟೆಲೂ ಒಂದೇ ಸೂರಿನಡಿ ಬಂದದ್ದು ಇನ್ನೂ ಸ್ವಲ್ಪ ತಡವಾಗಿ. ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ 1982ರಲ್ಲಿ ಬರ್ಟ್ ಗ್ರಾಂಟ್ ಎಂಬಾತ ನಿಷೇಧದ ನಂತರದ ಮೊದಲ ಬ್ರೂಪಬ್ ತೆರೆದ. ನನಗೆ ಹೆಚ್ಚು ಹಿಡಿಸುವ ಕಥೆ ಮಾತ್ರ ಡೆನ್ವರಿನದು. ಜಾನ್ ಹಿಕನ್‌ಲೂಪರ್ ಎಂಬ ಭೂವಿಜ್ಞಾನಿ. ಎಣ್ಣೆ ಕಂಪನಿಯ ಕೆಲಸ ಹೋಯಿತು. 1988ರಲ್ಲಿ ಗೆಳೆಯರ ಜೊತೆ ಸೇರಿ ಪಾಳುಬಿದ್ದ ಗೋದಾಮುಗಳ ಬೀದಿಯಲ್ಲಿ ವಿನ್‌ಕೂಪ್ ಎಂಬ ಬ್ರೂಪಬ್ ತೆರೆದ. ಬಾಡಿಗೆ ಕಡಿಮೆ ಎಂಬುದೇ ಆ ಜಾಗದ ಆಕರ್ಷಣೆ. ಜನ ಬಂದರು. ಪಕ್ಕದ ಗೋದಾಮುಗಳಿಗೂ ಜೀವ ಬಂತು. ಅವನು ಆಮೇಲೆ ಡೆನ್ವರಿನ ಮೇಯರ್ ಆದ, ಕೊಲರಾಡೊ ರಾಜ್ಯದ ಗವರ್ನರ್ ಆದ, ಈಗ ಸೆನೆಟರ್. ಇಂಥ ಹೋಟೆಲುಗಳು ಬಹುಪಾಲು ಹಳೆಯ ಗೋದಾಮಿನಲ್ಲೇ ಏಕಿರುತ್ತವೆ ಎಂಬುದಕ್ಕೂ ಉತ್ತರ ಇಲ್ಲೇ ಸಿಕ್ಕಿತು. ಅಂದಕ್ಕೆ ಅಲ್ಲ. ಟ್ಯಾಂಕಿಗೆ ಎತ್ತರದ ಮಾಡು ಬೇಕು, ಭಾರ ತಡೆಯುವ ನೆಲ ಬೇಕು, ಅಗ್ಗದ ಬಾಡಿಗೆ ಬೇಕು.

ಹೀಗೆ ಬನ್ನೂ ಬಂತು, ಬಿಯರೂ ಬಂತು. ಎರಡೂ ಒಂದೇ ಮೇಜಿನ ಮೇಲೆ ಸೇರಿದಾಗ ಏನಾಗುತ್ತದೆ? ಕೊಲಂಬಸ್ಸಿನ ಆ ಸಂಜೆಗೆ ಹೋಗೋಣ.

ಬಡಿಸುವ ಹುಡುಗಿ ಬಂದು ಮೊದಲು ಕೇಳಿದ್ದು ಗಾಡಿ ಓಡಿಸುವವರು ಯಾರು ಎಂದು. ಮಗಳು ಕೈ ಎತ್ತಿದಳು. ಅವಳಿಗೆ ನಿಂಬೆಹುಳಿ ಹಾಕಿದ ಸೋಡಾ ಬಂತು. ಆಮೇಲೆ ಮಗಳ ಸಹೋದ್ಯೋಗಿಯ ಗುರುತಿನ ಚೀಟಿ ಕೇಳಿದಳು. ಅಲ್ಲಿ ಇಪ್ಪತ್ತೊಂದು ತುಂಬದವರಿಗೆ ಕೊಡುವ ಹಾಗಿಲ್ಲ. ನನ್ನ ತಲೆ ನೋಡಿ ಸುಮ್ಮನಾದಳು. "ಇವರಿಗೆ ಯಾವುದು ಇಷ್ಟವೋ ಗೊತ್ತಿಲ್ಲ" ಎಂದು ಮಗಳು ಹೇಳಿದ್ದಕ್ಕೆ, ಹಾಗಾದರೆ ನಾಲ್ಕು ಬಗೆಯದನ್ನೂ ಸ್ವಲ್ಪ ಸ್ವಲ್ಪ ನೋಡಲಿ ಎಂದಳು. ಉದ್ದನೆಯ ಹಲಗೆ ಬಂತು. ಅದರಲ್ಲಿ ನಾಲ್ಕು ತೂತು. ತೂತಿಗೊಂದು ಪುಟ್ಟ ಗ್ಲಾಸು. ಒಂದೊಂದರಲ್ಲಿ ಸುಮಾರು 150 ಮಿಲಿಲೀಟರು. ಎಡದಿಂದ ಬಲಕ್ಕೆ ಕುಡಿಯಬೇಕು, ತೆಳುವಿನಿಂದ ಗಾಢಕ್ಕೆ.

ಬಿಯರಿಗೆ ಬೇಕಾದ್ದು ನಾಲ್ಕೇ ಸಾಮಾನು. ನೀರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅದೇ ಮಾಲ್ಟು. ಹಾಪ್ಸ್ ಎಂಬ ಬಳ್ಳಿಯ ಹೂ. ಮತ್ತೆ ಯೀಸ್ಟು. ಈ ನಾಲ್ಕರಲ್ಲೇ ಅಷ್ಟೊಂದು ಬಗೆ ಹೇಗೆ ಹುಟ್ಟುತ್ತದೆ ಎಂಬುದು ಆ ನಾಲ್ಕು ಗ್ಲಾಸಿನಲ್ಲಿ ತಿಳಿಯಿತು. ಮೊದಲನೆಯದು ಗೋಧಿ ಬೆರೆಸಿದ ಬಿಯರು. ಮಸುಕು ಹಳದಿ. ಮೂಗಿಗೆ ಹಿಡಿದರೆ ಬಾಳೆಹಣ್ಣು, ಲವಂಗ. ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ. ಎರಡೂ ಯೀಸ್ಟಿನ ಕೆಲಸ. ಎರಡನೆಯದು ಸಾದಾ ಲಾಗರ್. ತಣ್ಣನೆಯ ಕಡೆ ವಾರಗಟ್ಟಲೆ ಇಟ್ಟು ಮಾಡುವಂಥದ್ದು. ಮೂರನೆಯದು ಐಪಿಎ. ಇದರಲ್ಲಿ ಹಾಪ್ಸಿನದೇ ದರ್ಬಾರು. ಚಕ್ಕೋತದ ಸಿಪ್ಪೆ ಚಿವುಟಿದ ಹಾಗೆ ಘಮ, ಹಿಂದೆಯೇ ಬಲವಾದ ಕಹಿ. ನಾಲ್ಕನೆಯದು ಸ್ಟೌಟ್. ಡಿಕಾಕ್ಷನ್ನಿನ ಬಣ್ಣ. ಬಾರ್ಲಿಯನ್ನು ಕಪ್ಪಾಗುವಂತೆ ಹುರಿದಿರುತ್ತಾರೆ, ಹಾಗಾಗಿ ಕಾಫಿಯ ಘಮ ಬರುತ್ತದೆ.

ಕೋಳಿಯ ಸ್ಲೈಡರಿನ ಜೊತೆ ಗೋಧಿ ಬಿಯರು ಹಿತವಾಗಿತ್ತು. ಕರಿದ ಜಿಡ್ಡನ್ನು ಬಿಯರಿನ ಗುಳ್ಳೆ ನಾಲಗೆಯಿಂದ ತೊಳೆಯುತ್ತದೆ. ಮುಂದಿನ ಕಚ್ಚು ಮೊದಲ ಕಚ್ಚಿನ ಹಾಗೆಯೇ ರುಚಿಸುತ್ತದೆ. ಸುಟ್ಟ ಅಣಬೆಗೆ ಸ್ಟೌಟ್ ಜೊತೆಯಾಯಿತು. ಎರಡರಲ್ಲೂ ಕೆಂಡದ ವಾಸನೆ ಇದೆಯಲ್ಲ. ಐಪಿಎ ಮಾತ್ರ ಖಾರದ ಸಾಸಿಗೆ ಸೇರಲಿಲ್ಲ. ಕಹಿಯೂ ಖಾರವೂ ಸೇರಿ ಬಾಯಿ ಉರಿ ದುಪ್ಪಟ್ಟಾಯಿತು. ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ಯಾವ ಊಟಕ್ಕೆ ಯಾವ ಬಿಯರು ಎಂಬುದರ ಮೇಲೆಯೇ 2003ರಲ್ಲಿ ಒಂದು ದಪ್ಪ ಪುಸ್ತಕ ಬರೆದಿದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ. ಒಂದು ಕಚ್ಚು, ಒಂದು ಗುಟುಕು, ನಡುವೆ ಒಂದಿಷ್ಟು ನೀರು. ನಾಲಗೆಯೇ ಹೇಳುತ್ತದೆ.

ಇಷ್ಟು ಹೊತ್ತು ಚಿಕ್ಕದರ ಹೊಗಳಿಕೆ ಆಯಿತು. ಬನ್ನು ಚಿಕ್ಕದು, ಗ್ಲಾಸು ಚಿಕ್ಕದು, ಬ್ರೂವರಿ ಚಿಕ್ಕದು. ಈಗ ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ಹಾಕೋಣ.

ಹೋಟೆಲಿನ ಸ್ಲೈಡರಿನಲ್ಲಿ ಹಳೆಯ 25 ಗ್ರಾಂ ಬಿಲ್ಲೆ ಇರುವುದಿಲ್ಲ. ಸುಮಾರು 55 ಗ್ರಾಂ ಇರುತ್ತದೆ. ಮೂರು ಸೇರಿದರೆ 165. ಎಲ್ಲರಿಗೂ ಗೊತ್ತಿರುವ ದೊಡ್ಡ ಬರ್ಗರ್ ಎಂದರೆ ಕಾಲು ಪೌಂಡಿನದು, ಸುಮಾರು 115 ಗ್ರಾಂ. ಅಂದರೆ ಮೂರು ಚಿಕ್ಕದು ತಿಂದವನು ಒಂದು ದೊಡ್ಡದು ತಿಂದವನಿಗಿಂತ ಹೆಚ್ಚೇ ತಿಂದ. ಬನ್ನಂತೂ ಮೂರು. ಬಿಯರಿನದೂ ಅದೇ ಪಾಡು. 150ರ ನಾಲ್ಕು ಗ್ಲಾಸು 600 ಮಿಲಿಲೀಟರು. ಅಮೆರಿಕದ ಒಂದು ಪೈಂಟು 470ರ ಆಸುಪಾಸು. ಸ್ವಲ್ಪ ಸ್ವಲ್ಪ ರುಚಿ ನೋಡಿದೆ ಎಂದುಕೊಂಡವನು ಪೂರಾ ಗ್ಲಾಸು ದಾಟಿ ಹೋಗಿರುತ್ತಾನೆ. ಮೇಲೆ ಐಪಿಎಯಲ್ಲಿ ಮದ್ಯದ ಅಂಶ ನೂರಕ್ಕೆ ಆರು ಏಳು. ಸಾದಾ ಬಿಯರಿಗಿಂತ ಜಾಸ್ತಿ. ಚಿಕ್ಕದು ನಾಲಗೆಯನ್ನಲ್ಲ, ಲೆಕ್ಕವನ್ನು ಮರೆಸುತ್ತದೆ. ಬೆಲೆಯೂ ಚಿಕ್ಕದಲ್ಲ. ಮೂರರ ಸೆಟ್ಟಿಗೆ 15 ಡಾಲರಿನ ಹತ್ತಿರ. ಅದರ ಮೇಲೆ ತೆರಿಗೆ. ಅದರ ಮೇಲೆ ನೂರಕ್ಕೆ ಹದಿನೆಂಟು ಇಪ್ಪತ್ತು ಟಿಪ್ಸು. ಐದು ಸೆಂಟಿನ ಬನ್ನು ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಬ್ರೂವರಿಯ ಚಿಕ್ಕತನದ ಲೆಕ್ಕ ಇನ್ನೂ ಸೊಗಸಾಗಿದೆ. ಅಲ್ಲಿನ ಬ್ರೂವರ್ಸ್ ಅಸೋಸಿಯೇಷನ್ ಯಾವುದು ಕ್ರಾಫ್ಟ್ ಎಂದು ಹೇಳುವ ಸಂಸ್ಥೆ. ಮೊದಲು ವರ್ಷಕ್ಕೆ 20 ಲಕ್ಷ ಬ್ಯಾರೆಲ್ ದಾಟಿದರೆ ಕ್ರಾಫ್ಟ್ ಅಲ್ಲ ಎಂದಿತ್ತು. ಬಾಸ್ಟನ್ನಿನ ಒಂದು ಕಂಪನಿ ಆ ಗೆರೆಯ ಹತ್ತಿರಕ್ಕೆ ಬೆಳೆದುಬಿಟ್ಟಿತು. ಸಂಸ್ಥೆ ಗೆರೆಯನ್ನೇ 60 ಲಕ್ಷಕ್ಕೆ ಸರಿಸಿತು. ಒಂದು ಬ್ಯಾರೆಲ್ ಎಂದರೆ ಸುಮಾರು 117 ಲೀಟರ್. 60 ಲಕ್ಷ ಬ್ಯಾರೆಲ್ ಎಂದರೆ 70 ಕೋಟಿ ಲೀಟರ್. ಅಮೆರಿಕದಲ್ಲಿ ಇದು ಚಿಕ್ಕದು!

ದೊಡ್ಡವರೂ ಸುಮ್ಮನೆ ಕೂರಲಿಲ್ಲ. ಶಿಕಾಗೋದ ಗೂಸ್ ಐಲ್ಯಾಂಡ್ ಎಂಬ ಬ್ರೂವರಿಯನ್ನು 2011ರಲ್ಲಿ ಬಡ್‌ವೈಸರ್ ಮಾಡುವ ಕಂಪನಿ ಸುಮಾರು 4 ಕೋಟಿ ಡಾಲರಿಗೆ ಕೊಂಡಿತು. ಮೇಟ್ಯಾಗ್ ಉಳಿಸಿದ ಆಂಕರ್ 2017ರಲ್ಲಿ ಜಪಾನಿನ ಸಪ್ಪೊರೊ ಕಂಪನಿಯ ಪಾಲಾಯಿತು. 2023ರಲ್ಲಿ ಬಾಗಿಲು ಹಾಕಿತು. ಮರುವರ್ಷ ಮೊಸರಿನ ವ್ಯಾಪಾರದಲ್ಲಿ ಹೆಸರಾದ ಹಮ್ದಿ ಉಲುಕಾಯ ಅದನ್ನು ಕೊಂಡರು. ಇವತ್ತು ಅಮೆರಿಕದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿವೆ. ಆದರೆ 2024ರಲ್ಲಿ ಹೊಸದಾಗಿ ತೆರೆದವಕ್ಕಿಂತ ಮುಚ್ಚಿದವೇ ಹೆಚ್ಚು.

ಬೆಂಗಳೂರಿನ ಕೇಳುಗರು ಕೇಳಬಹುದು, ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು. ನಿಜ. 2010ರ ದಶಕದ ಆರಂಭದಲ್ಲೇ ಇಂದಿರಾನಗರದಲ್ಲಿ ಟಾಯ್ಟ್, ಲ್ಯಾವೆಲ್ ರಸ್ತೆಯ ಬಳಿ ಬಿಯರ್ ಕ್ಲಬ್ ಬಂದವು. ಈಗ ಬಡಾವಣೆಗೊಂದು ಇವೆ. ಬಾಸ್ಮತಿ ಅಕ್ಕಿ ಹಾಕಿದ ಬಿಯರೂ ಇಲ್ಲಿ ಸಿಗುತ್ತದೆ. ಮೆನುವಿನಲ್ಲಿ ಪನೀರ್ ಸ್ಲೈಡರ್, ಆಲೂ ಸ್ಲೈಡರ್. ಅಲ್ಲಿ ಕೆಲಸ ಮಾಡಿ ಮರಳಿದ ನಮ್ಮ ಹುಡುಗರು ಆ ಅಭ್ಯಾಸವನ್ನೂ ಜೊತೆಗೆ ತಂದಿದ್ದಾರೆ. ಒಂದೇ ವ್ಯತ್ಯಾಸ ನನಗೆ ಕಾಣುವುದು. ಅಲ್ಲಿ ಸ್ಲೈಡರ್ ಕಾರ್ಮಿಕನ ಚೀಲದಿಂದ ಮೇಲೇರಿ ಹೋಟೆಲಿಗೆ ಬಂತು. ಇಲ್ಲಿ ನೇರವಾಗಿ ದುಬಾರಿ ಮೇಜಿಗೇ ಇಳಿಯಿತು. ನಮ್ಮಲ್ಲಿ ಅಗ್ಗದ ಚಿಕ್ಕ ತಿಂಡಿಗೆ ಎಂದೂ ಬರ ಇರಲಿಲ್ಲವಲ್ಲ.

ಹಾಗಾದರೆ ಇಂಥ ಊಟ ಮಾಡಬಹುದೇ? ಮಾಡಬಹುದು. ನನಗೆ ಹಿಡಿಸಿತು. ಹಸಿವಾದವನಿಗೆ ಇದು ದುಬಾರಿ ಊಟ, ಮಾತಾಡಲು ಬಂದವನಿಗೆ ಒಳ್ಳೆಯ ಊಟ. ಮಕ್ಕಳು ಅಮೆರಿಕದಲ್ಲಿರುವ ತಂದೆತಾಯಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ನನ್ನದು ಮೂರು ಸೂಚನೆ. ತಲೆಗೊಂದು ಸೆಟ್ಟು ತರಿಸಬೇಡಿ, ಇಬ್ಬರಿಗೆ ಒಂದು ಸಾಕು. ಬಿಯರು ಕುಡಿಯುವವರು ದುಡ್ಡು ಕೊಡುವ ಮೊದಲು ಒಂದು ಗುಟುಕು ರುಚಿ ತೋರಿಸಿ ಎಂದು ಕೇಳಿ, ಬಹಳ ಕಡೆ ಪುಕ್ಕಟೆ ಕೊಡುತ್ತಾರೆ. ಕಾರಿನ ಕೀಲಿಯನ್ನು ಮಾತ್ರ ಕುಡಿಯದವರ ಕೈಗೆ ಮೊದಲೇ ಕೊಟ್ಟುಬಿಡಿ.